ಬೋರಲು ಬಕೆಟ್ಟಿನ ಮೇಲೆ ಕೂತು

ಸ್ಯಾಂಡ್‌ಪ್ಲಮ್, ಒಕ್ಲಹೋಮ
ಜೂನ್ 9, 2013

ಕಡಜಕ್ಕೆ,

ಫೋನಿನಲ್ಲಿ ಬೈದರೆ ನೀನು ಇಟ್ಟುಬಿಡುತ್ತೀಯ. ಕಾಗದದಲ್ಲಿ ಬೈದರೆ ಮುಗಿಯುವವರೆಗೂ ಓದಲೇಬೇಕು. ಅದಕ್ಕೇ ಕಾಗದ.

ಮೊದಲ ಬೈಗುಳ ಆ ಅಂಪೈರಿಗೆ. ಕೊನೆಗೆ ಬ್ಯಾಟ್ ಹಿಡಿದ ಹುಡುಗಿಗೆ ನೀನು ಹಾಕಿದ ಮೇಲೇಳುವ ಚೆಂಡು ಗೆರೆಯೊಳಗೇ ಇತ್ತು. ನಾನು ಕೂತದ್ದು ಸ್ಟೇಡಿಯಮ್ಮಿನ ತುತ್ತತುದಿಯಲ್ಲಿ, ಮುಂದೆ ಅಗಲ ಟೋಪಿಯ ಹೆಂಗಸು, ಆದರೂ ನನಗೆ ಕಂಡಿತು. ಎರಡಡಿ ಹಿಂದೆ ನಿಂತವನಿಗೆ ಕಾಣಲಿಲ್ಲ. "ಕಣ್ಣೇನು ಒಗೆಯೋಕೆ ಹಾಕಿದ್ದೀಯೇನಯ್ಯಾ?" ಎಂದು ಕೂಗಿದೆ. ಕಾವಲಿನವನು ಬಂದು "ತಾತ, ಕೂತ್ಕೊಳ್ಳಿ" ಅಂದ. ತಾತನಂತೆ! ಅವನಿಗೂ ಎರಡು ಬೈಗುಳ ಬಿಟ್ಟೆ.

ಸೋತದ್ದು ನೀನಲ್ಲ, ನಿನ್ನ ಹಿಂದೆ ಕಂಬದ ಹಾಗೆ ನಿಂತಿದ್ದ ಹುಡುಗಿಯರು. ಕಾಲೇಜು ಸಾಫ್ಟ್‌ಬಾಲ್ ಟೂರ್ನಿಯ ಒಂದೊಂದು ಆಟದಲ್ಲೂ ನೀನೊಬ್ಬಳೇ ಎಸೆದೆ. ಈ ಹುಡುಗಿಯ ತೋಳು ದಣಿಯುವುದಿಲ್ಲವೇ ಎಂದು ಟೀವಿಯವನು ಬೆರಗಾದನಂತೆ. ಲೆಸ್ಟರನ ಮೇವಿನ ಅಂಗಡಿಯಲ್ಲಿ ನಾನು ಎಲ್ಲರಿಗೂ ತಿಳಿಸಿ ಹೇಳಿದೆ: ಮೇಲಿಂದ ಎಸೆಯುವ ಬೇಸ್‌ಬಾಲ್ ಹುಡುಗರ ತೋಳು ಸವೆಯುತ್ತದೆ. ಕೆಳಗಿಂದ ಬೀಸುವ ತೋಳು ಗಾಳಿಯಂತ್ರ ಇದ್ದ ಹಾಗೆ, ಗಾಳಿ ಇರುವಷ್ಟು ದಿನ ತಿರುಗುತ್ತಲೇ ಇರುತ್ತದೆ.

ಪತ್ರಿಕೆಯವರು ನಿನ್ನನ್ನು ತಯಾರು ಮಾಡಿದವನು ಕಾಲೇಜಿನ ಕೋಚ್ ಹ್ಯಾಲೆಕ್ ಎಂದು ಬರೆದಿದ್ದಾರೆ. ನನ್ನ ಹೊಟ್ಟೆ ಉರಿದುಹೋಯಿತು. ಚೆಂಡೆಸೆಯುವ ಪಿಚರ್ ಹುಡುಗಿಯರಿಗೆಲ್ಲ ಒಬ್ಬ ಬಕೆಟ್ಟಿನ ಅಪ್ಪ ಇರುತ್ತಾನೆ. ನಿನ್ನಪ್ಪ ಎಣ್ಣೆಬಾವಿಗಳ ಹಿಂದೆ ಊರೂರು ಅಲೆಯುತ್ತಿದ್ದ, ನಿನಗೆ ಬಕೆಟ್ಟಿನ ಮಾಮ ಸಿಕ್ಕಿದ. ಕೊಟ್ಟಿಗೆಯ ಹಿಂದೆ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು, ನೀನು ಎಂಟರ ಪೋರಿಯಾಗಿದ್ದಾಗಿನಿಂದ ನಿನ್ನ ಚೆಂಡು ಹಿಡಿದವನು ಹ್ಯಾಲೆಕ್ಕೋ, ನಾನೋ? ನೀನು ಕೈ ಜಾಡಿಸಿದಾಗಲೆಲ್ಲ "ಇನ್ನೊಂದು ಹತ್ತು ಹಾಕೇ" ಎಂದವನು ಯಾರು? ನನ್ನ ಹೆಬ್ಬೆರಳು ಇವತ್ತಿಗೂ ಹುಂಜದ ಕೊಕ್ಕಿನ ಹಾಗೆ ಸೊಟ್ಟ.

ನಿನಗೂ ಒಂದು ಬೈಗುಳ ಇದೆ. ಪ್ರತಿ ಚೆಂಡಿನ ನಡುವೆ ಜಡೆಯ ರಿಬ್ಬನ್ ಸರಿಮಾಡಿಕೊಳ್ಳುವುದು ಏನು ಅದು? ಆಡೋಕೆ ಹೋಗಿದ್ದೆಯೋ, ಮದುವೆಗೆ ಹೋಗಿದ್ದೆಯೋ?

ಓಹಾಯೋದ ವೃತ್ತಿ ತಂಡದವರು ನಿನ್ನನ್ನು ಆರಿಸಿಕೊಂಡ ಸುದ್ದಿ ನಿನ್ನಮ್ಮ ಹೇಳಿದಳು. ನನಗೆ ಮೊದಲೇ ಗೊತ್ತಿತ್ತು.

ಇಂತಿ,
ಈ ಜಿಲ್ಲೆಯಲ್ಲಿ ಕೂತು ಹಿಡಿಯುವವರಲ್ಲೆಲ್ಲ ಮೊದಲಿಗ,
ಎಲ್ಬರ್ಟ್ ಮಾಮ

---

ಓಹಾಯೋ
ಜುಲೈ 20, 2013

ಮಾಮ,

ಇಲ್ಲಿ ಎಲ್ಲ ಚೆನ್ನಾಗಿದೆ. ಆಟ ಮುಗಿದ ಮೇಲೆ ಚಿಕ್ಕ ಹುಡುಗಿಯರು ಬೇಲಿಗೆ ಒರಗಿ ಚೆಂಡಿನ ಮೇಲೆ ಸಹಿ ಕೇಳುತ್ತಾರೆ. ಒಬ್ಬಳು ನನ್ನ ಹಾಗೇ ಜಡೆ ಹಾಕಿಸಿಕೊಂಡು ಬಂದಿದ್ದಳು. ಊಟ ಹೆಚ್ಚಾಗಿ ಬಸ್ಸಿನಲ್ಲೇ. ಅಮ್ಮ ಹುರಿಯುವ ಬೆಂಡೆಕಾಯಿ ನೆನಪಾಗುತ್ತದೆ.

ಈಗ ನನ್ನನ್ನು ಆಟಕ್ಕೆ ಹೆಚ್ಚು ಇಳಿಸುತ್ತಿಲ್ಲ. ಹೊಸಬಳಲ್ಲವೇ, ಮೈದಾನದ ಪಕ್ಕದ ಕಟ್ಟೆಯ ಮೇಲೆ ಕೂತು ನೋಡಿ ಕಲಿ ಎಂದಿದ್ದಾರೆ. ನೀನು ಸಿಟ್ಟಾಗಬೇಡ.

ಅಕ್ಷರ ಸೊಟ್ಟಗಿದೆ, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ
ಕೆಂಡ್ರಾ

---

ಸ್ಯಾಂಡ್‌ಪ್ಲಮ್
ಆಗಸ್ಟ್ 2, 2013

ಕಡಜಕ್ಕೆ,

ಸಿಟ್ಟಾಗಬೇಡ ಎಂದು ಬರೆದರೆ ನಾನು ಸಿಟ್ಟಾಗದೆ ಇರುತ್ತೇನೆಯೇ? ಕುದುರೆ ತಂದು ಕೊಟ್ಟಿಗೆಯಲ್ಲಿ ಕಟ್ಟಿ, ಬೇರೆಯವರ ಕುದುರೆ ಓಡುವುದನ್ನು ನೋಡಿ ಕಲಿ ಅನ್ನುತ್ತಾರಂತೆ! ಆ ನಿನ್ನ ಕೋಚಮ್ಮನಿಗೆ ನನ್ನ ವಿಷಯ ಹೇಳು. ಚರ್ಚಿನ ತಂಡದಲ್ಲಿ ಆಡುವಾಗ ನಾನು ಹೊಡೆದ ಚೆಂಡು ಗೂಡ್ಸ್ ರೈಲಿನ ಡಬ್ಬಿಯೊಳಗೆ ಬಿದ್ದು ಟೆಕ್ಸಾಸಿಗೆ ಹೋಯಿತು. ಅದನ್ನು ಇವತ್ತಿನವರೆಗೂ ಯಾರೂ ಹಿಡಿದಿಲ್ಲ. ಲೆಕ್ಕದ ಪ್ರಕಾರ ನಾನು ಇನ್ನೂ ಓಡುತ್ತಲೇ ಇದ್ದೇನೆ. ಕಣ್ಣಾರೆ ಕಂಡ ಸಾಕ್ಷಿಗಳು ಇಬ್ಬರು, ಇಬ್ಬರೂ ಈಗ ಮಣ್ಣಲ್ಲಿದ್ದಾರೆ.

ನಿನ್ನ ಅಕ್ಷರ ನೋಡಿ ನಗು ಬಂತು. ಕೋಳಿ ಕೆದಕಿದ ಹಾಗಿದೆ. ಆರನೇ ತರಗತಿಗೇ ಶಾಲೆ ಬಿಟ್ಟ ನನ್ನ ಅಕ್ಷರ ನೋಡು, ಮುತ್ತು! ನನಗೆ ಕಲಿಸುವುದು ಏನೂ ಉಳಿದಿಲ್ಲ ಅಂತ ಮೇಷ್ಟರೇ ಕಳಿಸಿದರು.

ಹೆದರಬೇಡ. ಆ ತೋಳು ನಾನು ಕೊಟ್ಟದ್ದು.

ಎಲ್ಬರ್ಟ್ ಮಾಮ
(ಇನ್ನೂ ಓಡುತ್ತಿರುವವನು)

---

ಓಹಾಯೋ
ಜೂನ್ 11, 2014

ಮಾಮ,

ಅಮ್ಮ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ತಂಡದವರು ನನ್ನನ್ನು ಬಿಟ್ಟರು. ಎರಡನೇ ಬೇಸಿಗೆ ಸರಿಯಾಗಿ ಶುರುವಾಗುವ ಮೊದಲೇ. ಒಳ್ಳೆಯ ಮಾತಿನಲ್ಲೇ ಬಿಟ್ಟರು, ಅದೇ ಹೆಚ್ಚು ಚುಚ್ಚಿತು.

ಕೋಚ್ ಹ್ಯಾಲೆಕ್ ಫೋನ್ ಮಾಡಿದ್ದರು. ಕಾಲೇಜಿನಲ್ಲಿ ಪಿಚರ್‌ಗಳನ್ನು ತಿದ್ದುವ ಸಹಾಯಕ ಕೋಚ್ ಕೆಲಸ. ಒಪ್ಪಿಕೊಂಡಿದ್ದೇನೆ. ಈ ವರ್ಷ ಟೋರಿ ಅನ್ನುವ ಹೊಸ ಹುಡುಗಿ ಬರುತ್ತಿದ್ದಾಳೆ, ನನಗಿಂತ ಜೋರು ಅನ್ನುತ್ತಾರೆ.

ಹಾರೈಸು.

ಕೆಂಡ್ರಾ

---

ಸ್ಯಾಂಡ್‌ಪ್ಲಮ್
ಜೂನ್ 17, 2014

ಕೆಂಡ್ರಾ,

ಹಾರೈಸುವುದಿಲ್ಲ.

ಇಪ್ಪತ್ತಮೂರಕ್ಕೆ ಯಾರಾದರೂ ಕೋಚ್ ಆಗುತ್ತಾರೆಯೇ? ಕೋಚ್ ಅಂದರೆ ಹೊಟ್ಟೆ ಬಂದವರು, ಮಂಡಿ ಹೋದವರು, ಸೀಟಿ ಊದುವುದು ಬಿಟ್ಟು ಬೇರೇನೂ ಬಾರದವರು. ಹ್ಯಾಲೆಕ್ ನೋಡು, ಜನ್ಮದಲ್ಲಿ ಒಂದು ಚೆಂಡು ನೆಟ್ಟಗೆ ಎಸೆದವನಲ್ಲ. ಅವನ ಪಕ್ಕದಲ್ಲಿ ನೀನು ಸೀಟಿ ಹಿಡಿದು ನಿಲ್ಲುತ್ತೀಯಾ? ಊರಲ್ಲಿ ನಾನು ಮುಖ ಹೇಗೆ ತೋರಿಸಲಿ? ಲೆಸ್ಟರ್ ಆಗಲೇ ಕೇಳಿದ: "ಏನ್ ಎಲ್ಬರ್ಟಣ್ಣ, ನಿನ್ ಗಾಳಿಯಂತ್ರ ನಿಂತೋಯ್ತಂತೆ?" ಅವನ ಮೆಕ್ಕೆಜೋಳದ ಮೂಟೆಗೆ ಒದ್ದು ಬಂದೆ. ಕಾಲು ಊದಿದೆ. ಅದೂ ನಿನ್ನ ಲೆಕ್ಕಕ್ಕೇ.

ತೋಳಿಗೆ ಏನಾಗಿದೆ? ತುಕ್ಕು, ಅಷ್ಟೆ. ಕಟ್ಟೆಯ ಮೇಲೆ ಕೂರಿಸಿ ತುಕ್ಕು ಹಿಡಿಸಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಸಾಲಿಗೆ ಸೇರಬೇಡ. ಮನೆಗೆ ಬಾ. ಬಕೆಟ್ಟು ಇಟ್ಟ ಜಾಗದಲ್ಲೇ ಇದೆ. ಒಂದು ಬೇಸಿಗೆ ನನ್ನ ಕೈಗೆ ಕೊಡು, ದಿನಾ ಬೆಳಗ್ಗೆ ಸಂಜೆ ಎಸೆ. ಮತ್ತೆ ತಂಡದವರೇ ಬಾಗಿಲಿಗೆ ಬರದಿದ್ದರೆ ನನ್ನ ಹೆಸರು ಬದಲಾಯಿಸು.

ಎಲ್ಬರ್ಟ್ ಕೂಂಬ್ಸ್

---

ಕಾಲೇಜಿನಿಂದ
ಜುಲೈ 1, 2014

ಎಲ್ಬರ್ಟ್ ಮಾಮ,

ತುಕ್ಕಲ್ಲ.

ಭುಜದೊಳಗಿನ ಸ್ನಾಯು ಹಳೇ ಹಗ್ಗದ ಹಾಗೆ ಎಳೆಎಳೆ ಬಿಟ್ಟಿದೆ ಎಂದು ಓಹಾಯೋದ ಡಾಕ್ಟರ್ ಹೇಳಿದರು. ಒಂದೇ ದಿನ ಹರಿದದ್ದಲ್ಲ, ವರ್ಷಗಟ್ಟಲೆ ಹರಿದದ್ದು ಎಂದರು. ಕಾಫಿಯ ಲೋಟ ಎತ್ತಲು ಎರಡು ಕೈ ಬೇಕು. ನೀನು ನಕ್ಕ ಆ ಕಾಗದ ಬಸ್ಸಿನಲ್ಲಿ ಬರೆದದ್ದಲ್ಲ, ಎಡಗೈಯಲ್ಲಿ ಬರೆದದ್ದು. ಇದೂ ಎಡಗೈಯೇ. ಈಗ ಅಭ್ಯಾಸವಾಗಿದೆ, ಕೋಳಿ ಅಲ್ಲ ಅಂದುಕೊಳ್ಳುತ್ತೇನೆ.

ರಿಬ್ಬನ್ ಯಾಕೆ ಅಂತ ಕೇಳಿದ್ದೆಯಲ್ಲ, ಕೇಳು. ಭುಜ ಜೋಮು ಹಿಡಿದು ಬೆರಳಿಗೆ ಚೆಂಡು ಗೊತ್ತಾಗದೆ ಹೋದಾಗ ಕೈಯನ್ನು ತಲೆಯ ಹಿಂದಕ್ಕೆ ಎತ್ತಿದರೆ ಒಂದು ಗಳಿಗೆ ಬಿಡುತ್ತದೆ. ಸುಮ್ಮನೆ ಎತ್ತಿದರೆ ಹ್ಯಾಲೆಕ್ ನೋಡುತ್ತಾರೆ, ಎದುರಿನ ತಂಡ ನೋಡುತ್ತದೆ. ರಿಬ್ಬನ್ ಮುಟ್ಟಿಕೊಂಡರೆ ಯಾರೂ ನೋಡುವುದಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಮುಟ್ಟಿಕೊಳ್ಳುತ್ತಿದ್ದೇನೆ. ಹದಿನಾಲ್ಕರಲ್ಲಿ ನಾನು ಎಸೆಯುತ್ತಿದ್ದದ್ದು ಹ್ಯಾಲೆಕ್‌ಗೆ ಅಲ್ಲ ಮಾಮ.

ಕೆಳಗಿಂದ ಬೀಸುವ ತೋಳು ಸವೆಯುವುದಿಲ್ಲ. ನೀನು ಹೇಳಿದೆ, ಹ್ಯಾಲೆಕ್ ಹೇಳಿದರು, ಮೇವಿನ ಅಂಗಡಿಯಲ್ಲಿ ಕೂತ ಎಲ್ಲ ಗಂಡಸರೂ ಹೇಳಿದರು. ಯಾರೂ ಒಂದು ದಿನ ಬೀಸಿ ನೋಡಿದವರಲ್ಲ. ಗಾಳಿಯಂತ್ರಕ್ಕೂ ಎಣ್ಣೆ ಬಿಡುತ್ತಾರೆ, ಬಿರುಗಾಳಿ ಬಂದಾಗ ಕಟ್ಟಿಹಾಕುತ್ತಾರೆ. ನೀನು ಗಾಳಿಯಂತ್ರವನ್ನೂ ಸರಿಯಾಗಿ ನೋಡಿಲ್ಲ.

ಇನ್ನೊಂದು ಹತ್ತು. ಇನ್ನೊಂದು ಹತ್ತು. ಆ ಬಕೆಟ್ಟಿನ ಮೇಲೆ ಕೂತು ಹೇಳುವುದು ಎಷ್ಟು ಸುಲಭ!

ನನಗೆ ಈಗ ಉಳಿದಿರುವುದು ಈ ಕೆಲಸ ಒಂದೇ. ಇದನ್ನೂ ನಗೆಪಾಟಲು ಮಾಡಬೇಡ.

ಕೆಂಡ್ರಾ

---

ಸ್ಯಾಂಡ್‌ಪ್ಲಮ್
ಜುಲೈ 19, 2014

ಕೆಂಡ್ರಾ,

ಇಲ್ಲಿ ಬಿಸಿಲು ಜಾಸ್ತಿ. ಮೊನ್ನೆ ಬಿರುಗಾಳಿಯ ಸೈರನ್ ಆಯಿತು, ನಿನ್ನಮ್ಮನೂ ನಾನೂ ನೆಲಮಾಳಿಗೆಗೆ ಇಳಿದೆವು. ಏನೂ ಬರಲಿಲ್ಲ. ಅವಳು ನನ್ನ ಜತೆ ಮಾತಾಡಲಿಲ್ಲ. ನೀನು ಅವಳಿಗೂ ಬರೆದಿದ್ದೀಯ ಅಂತ ಕಾಣುತ್ತದೆ.

ಹಿಂಗಾರಿನ ಟೊಮೆಟೊ ಹಾಕುವ ಸಮಯ. ಕುಂಡ ಸಾಲದೆ ಬಕೆಟ್ಟಿನ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ, ಒಂದು ಸಸಿ ನೆಟ್ಟಿದ್ದೇನೆ. ಇನ್ನು ಅದರ ಮೇಲೆ ಕೂರಲು ಬರುವುದಿಲ್ಲ.

ಎಲ್ಬರ್ಟ್

---

ಸ್ಯಾಂಡ್‌ಪ್ಲಮ್
ಏಪ್ರಿಲ್ 27, 2015

ಕೆಂಡ್ರಾ,

ಚಳಿಗಾಲವೆಲ್ಲ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಕಿವಿಯಿಂದ ಹೊಗೆ ಬರುತ್ತಿದೆ.

ಶನಿವಾರ ನಿನ್ನ ಕಾಲೇಜಿಗೆ ಬಂದಿದ್ದೆ. ಹೇಳಲಿಲ್ಲ. ಕ್ಯಾಚರ್ ಹಿಂದಿನ ಸಾಲಿನಲ್ಲೇ ಕೂತಿದ್ದೆ, ಟೋಪಿ ಮೂಗಿನವರೆಗೆ ಎಳೆದುಕೊಂಡು. ನೀನು ಕಟ್ಟೆಯ ಮೆಟ್ಟಿಲ ಮೇಲೆ ನಿಂತು ಯಾವ ಚೆಂಡು ಹಾಕಬೇಕೆಂದು ಸಂಖ್ಯೆ ಕೂಗುತ್ತಿದ್ದೆ, ಕ್ಯಾಚರ್ ಹುಡುಗಿ ಮಣಿಕಟ್ಟಿನ ಪಟ್ಟಿ ನೋಡಿಕೊಂಡು ಸನ್ನೆ ಮಾಡುತ್ತಿದ್ದಳು, ಆ ಟೋರಿ ಎಸೆಯುತ್ತಿದ್ದಳು. ಬೆಳಗಿನ ಆಟಕ್ಕೂ ಅವಳೇ, ಮಧ್ಯಾಹ್ನದ ಆಟಕ್ಕೂ ಅವಳೇ. ಚೆನ್ನಾಗಿ ಎಸೆಯುತ್ತಾಳೆ. ನಿನ್ನಷ್ಟಲ್ಲ.

ಪಕ್ಕದಲ್ಲಿ ಒಬ್ಬ ಅಗಲ ಭುಜದವನು ಕೂತಿದ್ದ. ಅವನ ಹೆಬ್ಬೆರಳು ನೋಡಿದೆ. ಸೊಟ್ಟ.

"ನಿಮ್ಮ ಹುಡುಗೀನಾ?" ಅಂದೆ.

"ನಮ್ದೇ. ಏಳು ವರ್ಷದೋಳಿದ್ದಾಗಿಂದ ಬಕೆಟ್ ಮೇಲೆ ಕೂತು ಹಿಡಿದಿದ್ದೀನಿ ಯಜಮಾನ್ರೇ."

"ದಣಿಯಲ್ವಾ?"

"ಛೆ! ಕೆಳಗಿಂದ ಬೀಸೋ ತೋಳಿಗೆ ಸವೆತ ಎಲ್ಲೀದು? ಬೇಸ್‌ಬಾಲ್ ಹುಡುಗ್ರದ್ದಾದ್ರೆ ಬೇರೆ ಮಾತು."

ನನ್ನ ಸೋಡಾವನ್ನು ಅವನ ಬೂಟಿನ ಮೇಲೆ ಚೆಲ್ಲಿದೆ. ಕೈ ತಪ್ಪಿ ಅಲ್ಲ. "ಏನ್ರೀ ಇದು!" ಎಂದು ಎದ್ದು ನಿಂತ. "ವಯಸ್ಸಾಯ್ತು ಕಣಪ್ಪ" ಅಂದೆ. ಜೀವಮಾನದಲ್ಲಿ ಮೊದಲ ಸಲ ಅಂದ ಮಾತು ಅದು. ಸುಳ್ಳು ಬೇರೆ.

ಆಮೇಲೆ ಟೋರಿ ಜಡೆಯ ರಿಬ್ಬನ್ ಮುಟ್ಟಿಕೊಂಡಳು. ಮತ್ತೆ ಮುಟ್ಟಿಕೊಂಡಳು. ಕೊನೆಕೊನೆಗೆ ಪ್ರತಿ ಚೆಂಡಿಗೂ. ಅವಳ ಅಪ್ಪನಿಗೆ ಅದು ಏನೆಂದು ಗೊತ್ತಿಲ್ಲ, ಬೂಟು ಒರೆಸಿಕೊಳ್ಳುತ್ತಿದ್ದ. ಹ್ಯಾಲೆಕ್‌ಗೆ ಗೊತ್ತಿಲ್ಲ. ಆ ಸ್ಟೇಡಿಯಮ್ಮಿನಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬ ಬೇಲಿಯ ಈಚೆ ಇದ್ದ. ಇನ್ನೊಬ್ಬಳು ಮೆಟ್ಟಿಲ ಮೇಲೆ ನಿಂತು, ರಿಬ್ಬನ್ನನ್ನೇ ನೋಡುತ್ತ, ಮುಂದಿನ ಸಂಖ್ಯೆ ಕೂಗಿದಳು.

ನನಗೆ ಬೈದು ಬರೆದೆಯಲ್ಲ, ಎಡಗೈಯಲ್ಲಿ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ.

ಎಲ್ಬರ್ಟ್

---

ಕಾಲೇಜಿನಿಂದ
ಮೇ 12, 2015

ಮಾಮ,

ನಿನ್ನ ಕಾಗದವನ್ನು ಹರಿದುಹಾಕಿದೆ. ಆಮೇಲೆ ಚೂರುಗಳನ್ನು ಕೂಡಿಸಿ ಮತ್ತೆ ಓದಿದೆ. ಆಮೇಲೆ ಮತ್ತೆ ಹರಿದೆ.

ಸುದ್ದಿ ನಿನಗೆ ಮುಟ್ಟಿರುತ್ತದೆ, ಆದರೂ ನನ್ನ ಬಾಯಿಂದ ಕೇಳು. ಭಾನುವಾರ ವಿಭಾಗದ ಫೈನಲ್. ಶುಕ್ರವಾರ ಟೋರಿ, ಶನಿವಾರ ಎರಡೂ ಹೊತ್ತು ಟೋರಿ. ಬೆಳಗ್ಗೆ ಹ್ಯಾಲೆಕ್ ಹತ್ತಿರ ಹೋಗಿ, ಇವತ್ತು ಎರಡನೇ ಪಿಚರ್ ಇಳಿಸೋಣ, ಅವಳ ಭುಜ ಹೋಗುತ್ತಿದೆ ಎಂದೆ. "ಅವಳು ಹೇಳಿದ್ಲಾ?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದು ಹೋಗಿಬಿಟ್ಟರು.

ನಾವು ಒಂದು ರನ್ ಮುಂದಿದ್ದೆವು. ಐದನೇ ಸುತ್ತು. ಅವಳು ರಿಬ್ಬನ್ ಮುಟ್ಟಿದಳು. ನನ್ನ ಬಾಯಿಂದ ಸಂಖ್ಯೆ ಹೊರಡಲಿಲ್ಲ. ಕ್ಯಾಚರ್ ನನ್ನ ಕಡೆ ನೋಡುತ್ತಲೇ ಇದ್ದಳು. ನಾನು ಮೆಟ್ಟಿಲು ಇಳಿದೆ.

"ಎಲ್ಲಿಗೆ ಹೊರಟೆ?" ಹ್ಯಾಲೆಕ್ ಹಿಂದಿನಿಂದ.

"ಚೆಂಡು ತರೋಕೆ."

ಪಿಚರ್ ನಿಲ್ಲುವ ವೃತ್ತದೊಳಗೆ ಟೋರಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಳು. "ನಂಗೇನೂ ಆಗಿಲ್ಲ ಕೋಚ್. ನಾನೇ ಹಾಕ್ತೀನಿ."

"ಬೆರಳಿಗೆ ಚೆಂಡು ಗೊತ್ತಾಗ್ತಿದ್ಯಾ?"

ಅವಳ ಕೈ ರಿಬ್ಬನ್ನಿನ ಕಡೆ ಹೊರಟು ಮತ್ತೆ ಚೆಂಡಿಗೇ ಬಂತು.

"ರಿಬ್ಬನ್ ಗಟ್ಟಿಯಾಗೇ ಇದೆ ಕಣೇ. ಕೊಡು."

"ನಮ್ಮಪ್ಪ ನೋಡ್ತಿದ್ದಾರೆ" ಅಂದಳು. ಅವಳು ಕೈ ಬಿಡಲಿಲ್ಲ. ಬೆರಳು ಬಿಡಿಸಿ ತೆಗೆದುಕೊಂಡೆ. ಬಿಡಿಸುವುದು ಕಷ್ಟವಾಗಲಿಲ್ಲ ಮಾಮ. ಆ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ.

ಅಂಪೈರಿಗೆ ಬದಲಿ ಎಂದು ಹೇಳಿದೆ. ಆ ಮೇಲೆ ಹ್ಯಾಲೆಕ್ ಏನೂ ಮಾಡುವ ಹಾಗಿರಲಿಲ್ಲ. ಬಂದ ಹುಡುಗಿಗೆ ಎದುರಿನವರು ಚೆನ್ನಾಗಿ ಬಾರಿಸಿದರು. ಸೋತೆವು. ಟೋರಿ ಕಟ್ಟೆಯ ಮೂಲೆಯಲ್ಲಿ ಕೂತು "ನಿಮ್ ಮುಖ ನೋಡೋಕೂ ನಂಗೆ ಇಷ್ಟ ಇಲ್ಲ" ಅಂದಳು. ಹ್ಯಾಲೆಕ್ ಎಲ್ಲರ ಮುಂದೆ ಕೇಳಿದರು: "ನಿನ್ನ ತೋಳು ಹೋಯ್ತು ಅಂತ ಅವಳ ಪಂದ್ಯ ಕಿತ್ಕೊಂಡ್ಯಾ?"

ನಾನು ಹೌದು ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಕೆಲಸ ಹೋಯಿತು. ಈ ಮೈದಾನದಲ್ಲಿ ನನಗೆ ಇನ್ನು ಜಾಗವಿಲ್ಲ.

ನಿನ್ನ ಮಾತು ಕೇಳಿ ಮಾಡಿದ್ದಲ್ಲ. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗಬೇಡ.

ಕೆಂಡ್ರಾ

---

ಸ್ಯಾಂಡ್‌ಪ್ಲಮ್
ಮೇ 30, 2015

ಕಡಜಕ್ಕೆ,

ಹೇಳಿಕೊಂಡು ತಿರುಗಿ ಆಯಿತು. ನಿನ್ನ ಕಾಗದ ತಡವಾಗಿ ಬಂತು.

ಊರು ನಿನ್ನ ಮೇಲೆ ಕೆಂಡವಾಗಿದೆ. ಲೆಸ್ಟರನ ಅಂಗಡಿಯಲ್ಲಿ ಒಬ್ಬ, ಗೆಲ್ಲೋ ಆಟ ಕೈಯಾರೆ ಕೊಟ್ಟಳು, ಹೊಟ್ಟೆಕಿಚ್ಚು ಅಂದ. "ನಿನ್ನ ತೋಳನ್ನ ಮುನ್ನೂರು ಸಲ ಗರಗರ ಬೀಸು, ಈಗಲೇ, ಇಲ್ಲೇ. ಆಮೇಲೆ ಮಾತಾಡು" ಅಂದೆ. ಹಟಕ್ಕೆ ಬಿದ್ದು ಬೀಸತೊಡಗಿದ. ಎಲ್ಲರೂ ಸುತ್ತ ನಿಂತರು. ಅರ್ಧಕ್ಕೂ ಬರಲಿಲ್ಲ, ಕೋಳಿ ಮೇವಿನ ಮೂಟೆಯ ಮೇಲೆ ಕುಸಿದು ಕೂತ. ಲೆಸ್ಟರ್ ಅವನಿಗೆ ನೀರು ಕೊಟ್ಟ. ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ನಂಬು.

ನಮ್ಮೂರ ಹೈಸ್ಕೂಲಿಗೆ ಕೋಚ್ ಬೇಕಾಗಿದೆ. ಮೈದಾನದಲ್ಲಿ ಹುಲ್ಲಿಗಿಂತ ಮುಳ್ಳು ಜಾಸ್ತಿ. ನಿನ್ನಂಥವಳಿಗೆ ಅದು ಕಡಿಮೆ, ಗೊತ್ತು. ಲೆಸ್ಟರ್ ಶಾಲಾ ಸಮಿತಿಯಲ್ಲಿದ್ದಾನೆ. ಅವನ ಮೊಮ್ಮಗಳು ಆಡ್ರಿ, ಹನ್ನೊಂದರವಳು, ದಿನಾ ನಮ್ಮ ಕೊಟ್ಟಿಗೆಯ ಗೋಡೆಗೆ ಚೆಂಡು ಎಸೆದು ನನ್ನ ಕೋಳಿಗಳ ನಿದ್ದೆ ಕೆಡಿಸುತ್ತಿದ್ದಾಳೆ. ಪಿಚರ್ ಆಗಬೇಕಂತೆ.

ಎಲ್ಬರ್ಟ್ ಮಾಮ

---

ಕಾಲೇಜಿನಿಂದ
ಜೂನ್ 8, 2015

ಮಾಮ,

ಸಮಿತಿಗೆ ಬರೆದಿದ್ದೇನೆ. ಇಲ್ಲಿ ಕೋಣೆಯ ಬಾಡಿಗೆ ಜುಲೈವರೆಗೆ ಕಟ್ಟಿದೆ, ಆಗಸ್ಟಿಗೆ ಬರುತ್ತೇನೆ.

ಟೋರಿಯ ಅಪ್ಪ ಬಂದಿದ್ದರು, ಬೈಯಲು. ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದು ಆಮೇಲೆ ಬೈಯಿರಿ ಎಂದೆ. ಹೋಗಿದ್ದಾರಂತೆ. ತಿರುಗಿ ಬಂದಿಲ್ಲ. ಒಬ್ಬ ಹುಚ್ಚು ಮುದುಕ ತನ್ನ ಬೂಟು ಹಾಳುಮಾಡಿದ ಅಂತಲೂ ಹೇಳಿದರು. ನನಗೆ ಪರಿಚಯವಿಲ್ಲ ಎಂದೆ.

ನಾನು ಬರುವವರೆಗೆ ಆ ಆಡ್ರಿಯ ಚೆಂಡು ಹಿಡಿ. ಒಂದು ಷರತ್ತು. ಸಾಕು ಅನ್ನುವುದು ಹುಡುಗಿ, ಬಕೆಟ್ಟಿನ ಮೇಲೆ ಕೂತವರಲ್ಲ. ಅವಳು ಸಾಕು ಎಂದ ಮೇಲೆ ಇನ್ನೊಂದು ಚೆಂಡೂ ಇಲ್ಲ. ಒಪ್ಪಿಗೆ ಇಲ್ಲದಿದ್ದರೆ ಟೊಮೆಟೊ ಬೆಳೆದುಕೊಂಡಿರು.

ಕೆಂಡ್ರಾ

---

ಸ್ಯಾಂಡ್‌ಪ್ಲಮ್
ಜುಲೈ 6, 2015

ಕಡಜಕ್ಕೆ,

ಬಕೆಟ್ಟಿನ ಮಣ್ಣು ಸುರಿದೆ. ತಳಕ್ಕೆ ತೂತು ಇದ್ದರೇನು, ಬೋರಲು ಹಾಕಿ ಕೂರುವವನಿಗೆ ಸ್ವಲ್ಪ ಗಾಳಿ ಬರುತ್ತದೆ, ಅಷ್ಟೆ.

ಇವತ್ತು ಸಂಜೆ ಆಡ್ರಿ ಬಂದಳು. ಮೊದಮೊದಲ ಚೆಂಡುಗಳು ಕೋಳಿಗೂಡಿಗೆ ಹೋದವು. ಆಮೇಲೆ ಗ್ಲೌಸಿಗೆ ಬಂದವು. ಆಮೇಲೆ ಒಂದು ಚೆಂಡು, ನಾನು ಸುಳ್ಳು ಹೇಳುತ್ತಿಲ್ಲ, ನನ್ನ ಎದುರಿಗೆ ಬಂದು ಎದ್ದಿತು. ನಿನ್ನದು ಏಳುತ್ತಿತ್ತಲ್ಲ, ಹಾಗೆ. ಆ ಹೊತ್ತಿಗೆ ಸರಿಯಾಗಿ ಹುಡುಗಿ ಗ್ಲೌಸು ಕಿತ್ತು "ಸಾಕು ಎಲ್ಬರ್ಟ್ ತಾತ" ಅಂದಳು.

ತಾತ ಅಂದದ್ದಕ್ಕೆ ಬೈಯಲಿಲ್ಲ. ಬಾಯಲ್ಲಿ ಬೇರೆ ಮಾತು ಇತ್ತು, ಯಾವುದೆಂದು ನಿನಗೆ ಗೊತ್ತು. ಹಲ್ಲು ಕಚ್ಚಿ ನುಂಗಿದೆ.

"ಯಾಕೆ ಮಗಾ? ನೋಯ್ತಿದ್ಯಾ?" ಅಂತ ಮಾತ್ರ ಕೇಳಿದೆ.

"ಇಲ್ಲ. ಸಾಕು ಅನ್ಸ್ತು."

ಸಾಕು ಅನ್ನಿಸಿತಂತೆ. ಅಂದಳು, ಸೈಕಲ್ ಹತ್ತಿದಳು, ಹೋದಳು. ಬಿಸಿಲು ಇನ್ನೂ ಕೊಟ್ಟಿಗೆಯ ಮಾಡಿನ ಮೇಲಿತ್ತು. ಆಕಾಶ ಕಳಚಿ ಬೀಳಲಿಲ್ಲ. ಕೋಳಿಗಳು ಗೂಡಿಗೆ ಹೋದವು.

ನಾನು ಮಾತ್ರ ಕೂತೇ ಇದ್ದೆ. ಕೂತಷ್ಟೂ ಸಿಟ್ಟು ಏರಿತು. ಆ ಮಗುವಿನ ಮೇಲಲ್ಲ. ಎಷ್ಟು ಸಣ್ಣ ಮಾತು ಅದು! ಹನ್ನೊಂದರ ಹುಡುಗಿಯ ಬಾಯಿಗೆ ನೀರು ಕುಡಿದ ಹಾಗೆ ಬಂತು. ನೀನು ಅಷ್ಟು ವರ್ಷ, ಅದೇ ಜಾಗದಲ್ಲಿ, ನನ್ನ ಎದುರಿಗೇ ನಿಂತಿದ್ದೆ. ಒಂದು ದಿನ, ಒಂದೇ ಒಂದು ದಿನ, ಯಾಕೆ ಅನ್ನಲಿಲ್ಲ? ನಾನೇನು ಹುಲಿಯೇ?

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಬಾ. ಬಂದು ಎದುರು ನಿಂತು ಬೈ. ನಿನ್ನ ಚೆಂಡನ್ನೇ ಹಿಡಿದವನು, ಬೈಗುಳ ಹಿಡಿಯಲಾರೆನೇ? ಬಕೆಟ್ಟಿನ ಮೇಲೆ ಕೂತು ಕೇಳುತ್ತೇನೆ. ನೀನು ಸಾಕು ಅನ್ನುವವರೆಗೂ ಏಳುವುದಿಲ್ಲ.

ಮಾಮ